ತೆಗೆಯಲು ಬಾರದ ಹೆಸರು

ದೇರೆಬೈಲ್, ಮಂಗಳೂರು
12 ಆಗಸ್ಟ್ 2024

ತನುಶ್ರೀ ಮೇಡಂ ಅವರಿಗೆ,

ನಿಮ್ಮ ‘ಬಿಚ್ಚುಮಾತು’ ವೇದಿಕೆಯಲ್ಲಿ ಮೊನ್ನೆಯಿಂದ ನನ್ನ ಬಾಯಿ ಕಟ್ಟಿದ್ದೀರಿ. ಲಾಗಿನ್ ಮಾಡಿದರೆ ‘ನಿಮಗೆ ಪ್ರವೇಶವಿಲ್ಲ’ ಎಂದು ಬರುತ್ತದೆ. ಮೇಲ್ ಕಳಿಸಿದರೆ ತಿರುಗಿ ಬರುತ್ತದೆ. ವೇದಿಕೆಯ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಧಾರವಾಡದ ನಿಮ್ಮ ವಿಳಾಸ ಉಂಟು. ಅಂಚೆಯವರು ನನ್ನನ್ನು ಇನ್ನೂ ನಿಷೇಧ ಮಾಡಿಲ್ಲ. ಹಾಗಾಗಿ ಈ ಕಾಗದ.

ಆರು ವರ್ಷದಿಂದ ನಿಮ್ಮಲ್ಲಿ ಬರೆಯುತ್ತಿದ್ದೇನೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ಊರಿನ ಅರ್ಧ ಜನರ ಲೈನ್ ನನ್ನ ಕೈಕೆಳಗೆ ಹಾದುಹೋಗುತ್ತಿತ್ತು, ಒಂದು ದಿನವೂ ಯಾರ ಮಾತಿಗೂ ಕಿವಿ ಇಟ್ಟವನಲ್ಲ. ತಂತ್ರಾಂಶದ ಸ್ವಾತಂತ್ರ್ಯ, ಖಾಸಗಿತನ ಎಂದೆಲ್ಲ ನೀವು ಬರೆದದ್ದನ್ನು ಓದಿ, ಓಹೋ, ನಾನು ಇಷ್ಟು ವರ್ಷ ಮಾಡಿದ್ದಕ್ಕೆ ಒಂದು ಹೆಸರು ಉಂಟಲ್ಲ ಎಂದು ಖುಷಿಪಟ್ಟವನು. ಅದೇ ನೀವು ನನ್ನನ್ನು ಹೊರಗೆ ಹಾಕಿದಿರಿ. ಎಂತಕ್ಕೆ? ಒಬ್ಬ ಹೆಂಗಸಿಗೆ ಆದ ಅನ್ಯಾಯ ಬರೆದದ್ದಕ್ಕೆ.

ಇನ್ನೊಮ್ಮೆ ಬರೆಯುತ್ತೇನೆ, ಸರಿಯಾಗಿ ಓದಿ. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ‘ಗೇಟ್‌ಕಣ್ಣು’ ಎಂಬ ಯಂತ್ರ ಕೂರಿಸಿದ್ದಾರೆ. ಮೋರೆ ತೋರಿಸಬೇಕು. ಹಸಿರು ಬಂದರೆ ಒಳಗೆ, ಕೆಂಪು ಬಂದರೆ ಹೊರಗೆ. ಕಿನ್ನಿ ಎಂಬವಳು ಕೊಂಚಾಡಿಯಿಂದ ನಡೆದು ಬಂದು ಹನ್ನೊಂದು ವರ್ಷದಿಂದ ಇಲ್ಲಿ ಮನೆಗೆಲಸ ಮಾಡುತ್ತಿದ್ದಾಳೆ. ಜುಲೈ ಹದಿನೆಂಟರ ಬೆಳಿಗ್ಗೆ ಏಳೂಕಾಲಕ್ಕೆ ಅವಳ ಮೋರೆಗೆ ಕೆಂಪು ಬಂತು. ಯಾರೋ ಒಬ್ಬರು ಮನೆಯವರು ಆ್ಯಪಿನಲ್ಲಿ ‘ಕಳ್ಳತನದ ಸಂಶಯ’ ಎಂದು ಒತ್ತಿದ್ದರು. ಪೊಲೀಸ್ ದೂರಿಲ್ಲ, ವಿಚಾರಣೆ ಇಲ್ಲ. ಅದೇ ಯಂತ್ರ ಸುತ್ತಲಿನ ಇನ್ನೂ ನಾಲ್ಕು ಕಟ್ಟಡಗಳಲ್ಲಿ ಉಂಟು. ಒಂದು ಕಡೆ ಕೆಂಪು ಬಂದರೆ ಐದು ಕಡೆಯೂ ಕೆಂಪು. ಅವಳಿಗೆ ಇದ್ದ ಆರು ಮನೆಯ ಕೆಲಸ ಒಂದೇ ಬೆಳಿಗ್ಗೆ ಹೋಯಿತು.

ಯಂತ್ರ ಮಾಡಿದವನು ಅಕ್ಷಿತ್. ನಿಮ್ಮ ವೇದಿಕೆಯ ದೊಡ್ಡ ಮನುಷ್ಯ. ಅವನನ್ನು ಕೇಳಿದ್ದು ತಪ್ಪಾ? ಉತ್ತರ ಬೇಕು.

ಶೀನಪ್ಪ


ಧಾರವಾಡ
21 ಆಗಸ್ಟ್ 2024

ಶ್ರೀ ಶೀನಪ್ಪ ಅವರಿಗೆ,

ನಿಮ್ಮ ಪತ್ರ ತಲುಪಿತು. ಕೈಬರಹದ ಪತ್ರ ನೋಡಿ ಬಹಳ ವರ್ಷವಾಗಿತ್ತು.

ನಿಮ್ಮನ್ನು ಹೊರಗಿಟ್ಟದ್ದು ಪ್ರಶ್ನೆ ಕೇಳಿದ್ದಕ್ಕಲ್ಲ. ಮೂರು ದಿನದಲ್ಲಿ ನಲವತ್ತೊಂದು ಸಂದೇಶ ಹಾಕಿದ್ದೀರಿ. ಅಕ್ಷಿತ್ ಅವರನ್ನು ‘ಕಳ್ಳ’, ‘ಮೋರೆ ಮಾರುವವ’ ಎಂದು ಕರೆದಿದ್ದೀರಿ. ನಿಮಗೆ ಸೌಮ್ಯವಾಗಿ ಉತ್ತರಿಸಿದ ಒಬ್ಬ ವಿದ್ಯಾರ್ಥಿಗೆ ‘ನಿನ್ನಪ್ಪನ ಮೋರೆಗೆ ಕೆಂಪು ಬರಲಿ, ಆಗ ಗೊತ್ತಾಗ್ತದೆ’ ಎಂದಿದ್ದೀರಿ. ವೇದಿಕೆಗೆ ನಿಯಮಗಳಿವೆ. ನಿಷೇಧ ಮೂರು ತಿಂಗಳದ್ದು, ಶಾಶ್ವತವಲ್ಲ.

ಮುಖ್ಯವಾಗಿ ನೀವು ಎತ್ತಿದ್ದು ಸ್ಥಳೀಯ ವಿಷಯ. ಒಂದು ತಂತ್ರಾಂಶವನ್ನು ಯಾರು ಯಾವುದಕ್ಕೆ ಬಳಸುತ್ತಾರೆ ಎಂಬುದಕ್ಕೆ ಬರೆದವರು ಹೊಣೆಯಲ್ಲ. ಬಳಕೆಗೆ ಷರತ್ತು ಹಾಕಿದರೆ ಅದು ಎಲ್ಲರೂ ಓದಿ ಬಳಸಬಹುದಾದ ಸ್ವತಂತ್ರ ತಂತ್ರಾಂಶವೇ ಅಲ್ಲ ಎಂಬುದನ್ನು ನಾವು ಹತ್ತು ಸಲ ಚರ್ಚಿಸಿದ್ದೇವೆ, ನೀವೂ ಒಪ್ಪಿದ್ದಿರಿ. ನಿಮ್ಮ ಅಸೋಸಿಯೇಷನ್ನಿನವರ ಹತ್ತಿರ ಮಾತಾಡುವುದು ಒಳ್ಳೆಯದು.

ತನುಶ್ರೀ
ನಿರ್ವಾಹಕಿ, ಬಿಚ್ಚುಮಾತು


ದೇರೆಬೈಲ್
29 ಆಗಸ್ಟ್ 2024

ಮೇಡಂ,

ಸ್ಥಳೀಯ ವಿಷಯ! ಕಿನ್ನಿಯ ಹೊಟ್ಟೆ ಧಾರವಾಡದಲ್ಲಿ ಹಸಿಯುವುದಿಲ್ಲ, ನಿಜ.

ನಮ್ಮ ಅಸೋಸಿಯೇಷನ್ನಿನ ಸೆಕ್ರೆಟರಿ ಮುಖೇಶ್ ಎಂಬ ಹುಡುಗ. ಹೋಟೆಲ್ ವ್ಯವಹಾರದವನು, ಮರ್ಯಾದೆಯವನೇ. ಅವನ ಹತ್ತಿರ ಹೋದೆ. ‘ಅಂಕಲ್, ನಾವು ತೆಗೆಯಲಿಕ್ಕೆ ನೋಡಿದೆವು. ಅದರಲ್ಲಿ ತೆಗೆಯುವ ಬಟನ್ನೇ ಇಲ್ಲ’ ಎಂದ. ಮೊಬೈಲ್ ತೆರೆದು ತೋರಿಸಿದ. ಸೇರಿಸುವ ಬಟನ್ ಕೆಂಪಗೆ, ದೊಡ್ಡದಾಗಿ ಉಂಟು. ತೆಗೆಯುವುದು ಇಲ್ಲ. ಕಂಪೆನಿಗೆ ಫೋನ್ ಮಾಡಿದರೆ ‘ತಾಂತ್ರಿಕವಾಗಿ ಸಾಧ್ಯವಿಲ್ಲ’ ಎಂದರಂತೆ.

ನಿನ್ನೆ ಕಿನ್ನಿ ಪುನಃ ಬಂದಿದ್ದಳು. ಯಂತ್ರ ಮರೆತಿರಬಹುದು ಎಂಬ ಆಸೆ ಪಾಪ. ಗೇಟಿನ ಕಾವಲಿನವನು ಅಣ್ಣು. ಇಬ್ಬರೂ ಒಂದೇ ಕಡೆಯವರು, ಹನ್ನೊಂದು ವರ್ಷ ಒಟ್ಟಿಗೆ ಚಹಾ ಕುಡಿದವರು. ಅವಳು ಮೋರೆ ತೋರಿಸಿದಳು, ಯಂತ್ರ ಕಿರುಚಿತು. ಅಣ್ಣು ತಲೆ ತಗ್ಗಿಸಿ, ‘ಅಕ್ಕ, ನಾನು ಬಿಟ್ಟರೆ ನನ್ನ ಕೆಲಸ ಹೋಗ್ತದೆ’ ಎಂದ. ನಾನು ಅಲ್ಲೇ ನಿಂತಿದ್ದೆ. ಅವಳು ನನ್ನ ಕಡೆ ತಿರುಗಿ ತುಳುವಿನಲ್ಲಿ ಕೇಳಿದಳು, ‘ಅಣ್ಣೆರೆ, ಯಾನ್ ದಾದ ಮಲ್ತೆ?’ ನಾನೇನು ಮಾಡಿದೆ ಎಂದು. ನೀವು ಮಂಗಳೂರಿನವರು ಎಂದು ಕೇಳಿದ್ದೇನೆ, ಜೆಪ್ಪುವಿನವರಂತೆ. ಆ ಮಾತು ಯಾವ ಸ್ವರದಲ್ಲಿ ಬಂದಿರಬಹುದು ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ.

ಬಳಕೆಗೆ ಬರೆದವರು ಹೊಣೆಯಲ್ಲ ಎಂದಿರಿ. ಬಳಸಿದ್ದರ ಮಾತು ಬಿಡಿ. ತೆಗೆಯುವ ದಾರಿಯನ್ನೇ ಇಡದೆ ಬರೆದನಲ್ಲ, ಅವನು ಹೊಣೆಯಾ ಅಲ್ಲವಾ? ಆ ಪುಣ್ಯಾತ್ಮ ಯಾರು ಎಂದು ನಾನು ಹುಡುಕುತ್ತೇನೆ.

ಶೀನಪ್ಪ


ದೇರೆಬೈಲ್
15 ಸೆಪ್ಟೆಂಬರ್ 2024

ತನುಶ್ರೀ ಅವರೇ,

ಹುಡುಕಿದೆ.

ನಮ್ಮ ಗೇಟಿನ ಯಂತ್ರದಲ್ಲಿ ಕೆಂಪು ಬಂದಾಗ ಒಂದು ಸಾಲು ಕಾಣುತ್ತದೆ: ‘ಈ ವ್ಯಕ್ತಿ ನಿರ್ಬಂದಿತರು.’ ‘ಬಂಧಿತ’ ಎಂದು ಇರಬೇಕಾದಲ್ಲಿ ‘ಬಂದಿತ’. ಮಹಾಪ್ರಾಣ ಇಲ್ಲ. ಆ ತಪ್ಪು ನೋಡಿ ನೋಡಿ ನನಗೆ ತಲೆ ಕೆಟ್ಟಿತ್ತು. ಆ ಸಾಲನ್ನು ಅದೇ ತಪ್ಪಿನೊಂದಿಗೆ ಅಂತರ್ಜಾಲದಲ್ಲಿ ಹುಡುಕಿದೆ. ಒಂದೇ ಒಂದು ಕಡೆ ಸಿಕ್ಕಿತು. ಎಲ್ಲರೂ ಓದಬಹುದಾದ, ಎಲ್ಲರೂ ಬಳಸಬಹುದಾದ ಒಂದು ಕೋಡ್. ಹೆಸರು ‘ಹೊಸ್ತಿಲು’. 2019ರದ್ದು. ಹೆಸರು ಸೇರಿಸುವ ಭಾಗ ಉಂಟು. ತೆಗೆಯುವ ಭಾಗದಲ್ಲಿ ಬರೆದದ್ದು: ‘ಬೇಕೆಂದೇ ಇಟ್ಟಿಲ್ಲ.’

ಬರೆದವರ ಹೆಸರು ತನುಶ್ರೀ. ನಿಮ್ಮದೇ ಮೇಲ್ ವಿಳಾಸ.

ಬೇಕೆಂದೇ! ಒಂದು ತಿಂಗಳಿಂದ ಅಕ್ಷಿತನನ್ನು ಬೈಯುತ್ತಾ ಇದ್ದೆ. ನೀವು ನಿಯಮ ಓದಿಸುತ್ತಾ ಇದ್ದಿರಿ. ನಾನು ಬರೆದ ಪ್ರತಿ ಅಕ್ಷರ ನಿಮಗೆ ಮೊದಲೇ ಗೊತ್ತಿತ್ತು. ನಿಮ್ಮ ಬಾಯಲ್ಲಿ ಸ್ವಾತಂತ್ರ್ಯ ಎಂಬ ಶಬ್ದ ಇನ್ನು ನಾನು ಕೇಳಬಾರದು.

ಶೀನಪ್ಪ


ಧಾರವಾಡ
30 ಸೆಪ್ಟೆಂಬರ್ 2024

ಶೀನಪ್ಪ ಅವರೇ,

ಹೌದು, ನಾನೇ ಬರೆದದ್ದು. ನಿಮ್ಮ ಮೊದಲ ಸಂದೇಶ ಓದಿದಾಗಲೇ ಸಂಶಯ ಬಂದಿತ್ತು. ಆ ಸಂಶಯದ ಬಾಯಿ ಮುಚ್ಚಲು ನಿಮ್ಮ ಬಾಯಿ ಮುಚ್ಚಿದೆ. ಇನ್ನೂ ಒಂದು ಹೇಳಿಬಿಡುತ್ತೇನೆ: ನಮ್ಮ ವೇದಿಕೆ ನಡೆಯುತ್ತಿರುವುದು ಅಕ್ಷಿತ್ ಕಂಪೆನಿಯ ಸರ್ವರಿನಲ್ಲಿ. ಅದನ್ನು ಸದಸ್ಯರಿಗೆ ನಾನು ಹೇಳಿಲ್ಲ. ಈಗ ಬೈಯಿರಿ.

ಆದರೆ ‘ಬೇಕೆಂದೇ’ ಎಂಬುದಕ್ಕೆ ಕಾರಣ ಕೇಳಿ ಬೈಯಿರಿ.

2019ರಲ್ಲಿ ಇಲ್ಲಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ಒಬ್ಬ ಗಂಡಸು ಬರುತ್ತಿದ್ದ. ಒಬ್ಬ ಹುಡುಗಿಯ ದೂರದ ಸಂಬಂಧಿ ಎಂದು ಹೇಳಿ ಒಳಗೆ ಬಂದು ಕೂರುತ್ತಿದ್ದ. ಅವಳು ಹೆದರಿ ಊಟ ಬಿಟ್ಟಳು. ವಾರ್ಡನ್ ಡಾಲಿ ಮೇಡಂ ಅವನ ಹೆಸರನ್ನು ಪುಸ್ತಕದಲ್ಲಿ ‘ಬಿಡಬಾರದು’ ಎಂದು ಬರೆದರು. ಮರುದಿನ ಅವನ ಕಡೆಯ ದೊಡ್ಡವರೊಬ್ಬರು ಫೋನ್ ಮಾಡಿದರು. ಮೇಲಿನವರು ಬಂದು ಆ ಪುಟವನ್ನೇ ಹರಿದರು. ಡಾಲಿ ಮೇಡಂ ನನ್ನ ಹತ್ತಿರ ಬಂದು, ‘ಯಾರು ಹೇಳಿದರೂ ನನ್ನ ಕೈಯಿಂದ ತೆಗೆಯಲಿಕ್ಕೆ ಆಗದ ಹಾಗೆ ಒಂದು ಮಾಡಿಕೊಡು ಮಗಾ’ ಎಂದು ಕೇಳಿದರು. ನಾನು ಒಂದು ವಾರದಲ್ಲಿ ಬರೆದೆ. ಅವನು ಮತ್ತೆ ಒಳಗೆ ಬರಲಿಲ್ಲ. ಆ ಹುಡುಗಿ ಈಗ ನರ್ಸ್.

ಒಂದು ಹಾಸ್ಟೆಲಿನ ಒಬ್ಬ ಗಂಡಸಿಗಾಗಿ ಬರೆದದ್ದನ್ನು ಅಕ್ಷಿತ್ ತೆಗೆದುಕೊಂಡು ಮೋರೆ ಗುರುತಿಸುವುದನ್ನು ಸೇರಿಸಿದರು, ಐದು ಗೇಟುಗಳನ್ನು ಒಂದಕ್ಕೊಂದು ಕಟ್ಟಿದರು, ಯಾರು ಬೇಕಾದರೂ ಒತ್ತಬಹುದಾದ ಬಟನ್ ಇಟ್ಟರು. ಆ ಕೋಡಿಗೆ ನಾನು ಹಾಕಿದ ಪರವಾನಗಿಯ ಪ್ರಕಾರ, ಅದನ್ನು ಬಳಸಿದವರು ತಾವು ಸೇರಿಸಿದ್ದನ್ನೂ ಎಲ್ಲರಿಗೆ ಓದಲು ಕೊಡಬೇಕಿತ್ತು. ಕೊಟ್ಟಿಲ್ಲ. ನಾನು ಕೇಳಿರಲಿಲ್ಲ. ಅದು ನನ್ನ ಹೇಡಿತನ.

ಈಗ ನನ್ನದೊಂದು ಪ್ರಶ್ನೆ. ನಿಮ್ಮ ಮೂರು ಪತ್ರಗಳನ್ನು ಮತ್ತೆ ಓದಿದೆ. ಕೆಂಪು ಬಂದ ಗಂಟೆ ಬರೆದಿದ್ದೀರಿ, ಬಟನ್ನಿನ ಬಣ್ಣ ಬರೆದಿದ್ದೀರಿ, ಕಾವಲಿನವರು ಚಹಾ ಕುಡಿದದ್ದನ್ನೂ ಬರೆದಿದ್ದೀರಿ. ದೂರು ಕೊಟ್ಟವರು ಮಾತ್ರ ‘ಯಾರೋ ಒಬ್ಬರು ಮನೆಯವರು’. ಇಷ್ಟು ಹುಡುಕುವ ನೀವು ಅದನ್ನು ಹುಡುಕಲಿಲ್ಲವೇ? ಯಾರು ಅವರು?

ತನುಶ್ರೀ


ದೇರೆಬೈಲ್
2 ನವೆಂಬರ್ 2024

ತನುಶ್ರೀ,

ಒಂದು ತಿಂಗಳಾಯಿತು. ಏಳು ಸಲ ಬರೆದು ಹರಿದೆ.

ನಾನು.

ನನ್ನ ಹೆಂಡತಿ ಗುಣವತಿಗೆ ಎಡಕಿವಿ ಕೇಳುವುದಿಲ್ಲ. ಕಿವಿಗೆ ಹಾಕುವ ಸಣ್ಣ ಮೆಷಿನ್ ಉಂಟು, ಹುಣಸೆಬೀಜದಷ್ಟು. ಜುಲೈ ಹದಿನೇಳರಂದು ಅದು ಕಾಣಲಿಲ್ಲ. ಇಡೀ ಮನೆ ಹುಡುಕಿದೆವು. ಆ ದಿನ ಮಲಗುವ ಕೋಣೆ ಗುಡಿಸಿದ್ದು ಕಿನ್ನಿ. ಗುಣವತಿ, ‘ಅವಳು ತೆಗೆದುಕೊಂಡು ಎಂತ ಮಾಡ್ತಾಳೆ? ಸುಮ್ಮನಿರಿ’ ಎಂದಳು. ನನಗೆ ಸಿಟ್ಟು. ಸೋಫಾದಲ್ಲಿ ಕೂತು ಫೋನ್ ತೆಗೆದು ಆ ಕೆಂಪು ಬಟನ್ ಒತ್ತಿದೆ. ಒಂದು ವೇದಿಕೆಯಲ್ಲಿ ಯಾರಿಗೋ ಖಾರವಾದ ಉತ್ತರ ಹಾಕುವಾಗ ಬೆರಳು ಹೇಗೆ ಒತ್ತುತ್ತದೋ ಹಾಗೆ. ಅಷ್ಟೇ ಸಲೀಸು.

ಇಪ್ಪತ್ತೊಂದರಂದು ದಿಂಬಿನ ಕವರ್ ಒಗೆಯಲು ತೆಗೆದಾಗ ಹೊಲಿಗೆಯ ಒಳಗೆ ಮೆಷಿನ್ ಸಿಕ್ಕಿತು. ಕೂಡಲೇ ದೂರು ತೆಗೆಯಲು ಹೋದೆ. ತೆಗೆಯಲು ಬರುವುದಿಲ್ಲ. ಮುಖೇಶನಿಗೆ ಹೇಳಲು ನಾಚಿಕೆ. ಕಿನ್ನಿಗೆ ಹೇಳಲು ಧೈರ್ಯ ಇಲ್ಲ. ಆಗ ನನಗೆ ಉಳಿದದ್ದು ಯಂತ್ರವನ್ನು ಬೈಯುವುದು. ನಿಮ್ಮ ವೇದಿಕೆ ಇತ್ತಲ್ಲ. ನಲವತ್ತೊಂದು ಸಂದೇಶ.

ಗೇಟಿನಲ್ಲಿ ಅವಳು ‘ನಾನೇನು ಮಾಡಿದೆ’ ಎಂದು ಕೇಳಿದ್ದು ನನ್ನನ್ನು. ನಾನು ಉತ್ತರ ಕೊಡದೆ ಮನೆಗೆ ಬಂದು ನಿಮಗೆ ಕಾಗದ ಬರೆದೆ.

ಶೀನಪ್ಪ


ಧಾರವಾಡ
11 ನವೆಂಬರ್ 2024

ಶೀನಪ್ಪ ಅವರೇ,

ನಿಮ್ಮ ಪತ್ರ ಓದಿ ನನಗೆ ಬಂದದ್ದು ಕನಿಕರವಲ್ಲ, ಸಿಟ್ಟು. ನನ್ನ ಹೆಸರು ಸಿಕ್ಕಿದಾಗ ನೀವು ಕುಣಿದ ರೀತಿ ನೆನಪಿದೆ. ಆ ಹೊತ್ತಿಗೆ ನಿಮ್ಮ ಹೆಸರು ಎಲ್ಲಿತ್ತು ಎಂದು ನಿಮಗೆ ಗೊತ್ತಿತ್ತು.

ನನ್ನ ಹತ್ತಿರ ತಪ್ಪೊಪ್ಪಿಗೆ ತರಬೇಡಿ. ನಾನು ಕಿನ್ನಿಯಲ್ಲ. ಅವರಿಗೆ ಹೇಳಿದ್ದೀರಾ? ಗುಣವತಿ ಆಂಟಿಯವರಿಗೆ ಗೊತ್ತೇ? ಐದು ಕಟ್ಟಡದವರಿಗೆ?

ನಾನು ಮಾಡಿದ್ದು ಇಷ್ಟು: ಅಕ್ಷಿತ್ ಅವರಿಗೆ ಬರೆದು, ಕಿನ್ನಿಯವರ ಹೆಸರು ತೆಗೆಯಿರಿ, ಪರವಾನಗಿಯ ಪ್ರಕಾರ ಕೋಡ್ ಪ್ರಕಟಿಸಿ ಎಂದು ಕೇಳಿದೆ. ಬಂದ ಉತ್ತರ: ‘ಮೇಡಂ, ತೆಗೆಯಲು ಬಾರದಂತೆ ಮೂಲದಲ್ಲಿ ಮಾಡಿದ್ದು ನೀವೇ. ನಮ್ಮ ಕೈಯಲ್ಲಿ ಏನೂ ಇಲ್ಲ.’ ಜೊತೆಗೆ ಒಂದು ನಗುವ ಚಿತ್ರ.

ತನುಶ್ರೀ


ದೇರೆಬೈಲ್
10 ಡಿಸೆಂಬರ್ 2024

ತನುಶ್ರೀ,

ಈ ಕಾಗದ ಉದ್ದ ಆಗಬಹುದು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೊದಲು ಗುಣವತಿಗೆ ಹೇಳಿದೆ. ಅವಳು ಕಿವಿಯ ಮೆಷಿನ್ ತೆಗೆದು ಮೇಜಿನ ಮೇಲಿಟ್ಟು ಒಳಗೆ ಹೋದಳು. ಎರಡು ದಿನ ನಾನು ಎಂತ ಹೇಳಿದರೂ ಅವಳಿಗೆ ಕೇಳಿಸಲಿಲ್ಲ.

ಆಮೇಲೆ ಕೊಂಚಾಡಿಗೆ ಹೋದೆ. ಕಿನ್ನಿ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಕೂರಲು ಹೇಳಲಿಲ್ಲ. ನಿಂತೇ ಹೇಳಿದೆ. ಅವಳು ಹಿಂಡಿದ ಸೀರೆಯನ್ನು ಕೊಡವಿ ಹಗ್ಗಕ್ಕೆ ಹಾಕಿ, ‘ನೀವೇ ಅಂತ ನನಗೆ ಗೊತ್ತಿತ್ತು’ ಎಂದಳು.

‘ಹೇಗೆ?’

‘ಆ ದಿನ ಹುಡುಕಿದ್ದು ನಿಮ್ಮ ಮನೆಯಲ್ಲಿ ಮಾತ್ರ ಅಲ್ವಾ? ಬೇರೆ ಯಾರು ಒತ್ತುತ್ತಾರೆ?’

‘ಮತ್ತೆ ಯಾಕೆ ಹೇಳಲಿಲ್ಲ?’

‘ನೀವು ಹೇಳ್ತೀರಾ ಅಂತ ನೋಡ್ತಾ ಇದ್ದೆ’ ಎಂದಳು. ‘ನಾಲ್ಕು ತಿಂಗಳು ನೋಡಿದೆ.’

ಡಿಸೆಂಬರ್ ಒಂದು, ಭಾನುವಾರ, ಅಸೋಸಿಯೇಷನ್ನಿನ ಮಹಾಸಭೆ. ಐದೂ ಕಟ್ಟಡದ ಪದಾಧಿಕಾರಿಗಳನ್ನು ಕರೆಸಿದ್ದೆ. ಎದ್ದು ನಿಂತು, ದೂರು ಕೊಟ್ಟದ್ದು ನಾನು, ಅದು ಸುಳ್ಳು, ಕಿನ್ನಿಯದ್ದು ತಪ್ಪಿಲ್ಲ, ಹೆಸರು ತೆಗೆಯಿರಿ ಎಂದೆ. ಆಮೇಲೆ ಒಬ್ಬರು, ‘ಹೋಗಲಿ ಬಿಡಿ ಶೀನಪ್ಪಣ್ಣ, ಬೇರೆಯವಳು ಸಿಕ್ಕಿದ್ದಾಳಲ್ಲ’ ಎಂದರು. ಇನ್ನೊಬ್ಬರು, ‘ಒಬ್ಬಳಿಗೆ ತೊಂದರೆ ಆದದ್ದು ನಿಜ, ಆದರೆ ಸೇಫ್ಟಿ ಮುಖ್ಯ’ ಎಂದರು. ನಮ್ಮ ವೇದಿಕೆಯಲ್ಲಿ ನಾವು ಮಾಡುವ ವಾದಗಳೇ, ಕಡಿಮೆ ಶಬ್ದಗಳಲ್ಲಿ. ಮುಖೇಶ್, ‘ಅಂಕಲ್, ಕಂಪೆನಿಯವರೇ ಆಗುವುದಿಲ್ಲ ಅಂತ ಹೇಳುವಾಗ ನಾವೆಂತ ಮಾಡುವುದು?’ ಎಂದ. ಚಹಾ ಬಂತು. ಸಭೆ ಮುಗಿಯಿತು.

ಸಿಟ್ಟಿನಲ್ಲಿ ನನಗೆ ಒಂದು ವಾರ ಊಟ ಸೇರಲಿಲ್ಲ. ಎಂಟನೇ ತಾರೀಕು, ಮತ್ತೆ ಭಾನುವಾರ, ಎಲ್ಲರೂ ಮನೆಯಲ್ಲಿರುವ ದಿನ, ಬೆಳಿಗ್ಗೆ ಫೋನ್ ತೆಗೆದು ಇನ್ನೊಂದು ದೂರು ಕೊಟ್ಟೆ. ನಮ್ಮೆಲ್ಲರ ಮೋರೆಯೂ ಅದರಲ್ಲಿ ಉಂಟಲ್ಲ. ಹೆಸರು: ಶೀನಪ್ಪ. ಕಾರಣ ಎಂಬಲ್ಲಿ ಬರೆದೆ: ‘ಸುಳ್ಳು ದೂರು ಕೊಟ್ಟವನು.’ ಆಮೇಲೆ ಚೀಲ ಹಿಡಿದು ಮೀನಿಗೆ ಹೋದೆ.

ಒಂಬತ್ತು ಗಂಟೆಗೆ ವಾಪಸು ಬಂದಾಗ ಯಂತ್ರ ಕಿರುಚಿತು. ಅಣ್ಣು ಗಾಬರಿಯಾಗಿ, ‘ಸರ್, ನಿಮ್ಮ ಮೋರೆಗೆ ಕೆಂಪು ಬರ್ತಾ ಉಂಟು!’ ಎಂದ. ಪರದೆಯ ಮೇಲೆ ನಾನು ಬರೆದ ಸಾಲು. ‘ಸರ್, ಬನ್ನಿ, ನಾನು ಸೈಡಿನಿಂದ ಬಿಡ್ತೇನೆ’ ಎಂದ.

‘ಕಿನ್ನಿಯನ್ನು ಬಿಟ್ಟಿದ್ದೆಯಾ?’

ಅವನು ಸೈಡಿನ ಗೇಟಿನಿಂದ ಕೈ ತೆಗೆದ.

‘ಹಾಗಾದರೆ ನನಗೂ ಬೇಡ ಮಾರಾಯ’ ಎಂದು ಅವನ ಕುರ್ಚಿ ಎಳೆದು ಗೇಟಿನ ಹೊರಗೆ ಕೂತೆ. ಚೀಲದಲ್ಲಿದ್ದ ಬಂಗುಡೆ ಮೀನು ಬಿಸಿಲಿಗೆ ವಾಸನೆ ಹೊಡೆಯಲು ಶುರುವಾಯಿತು. ಬಂದವರು ಹೋದವರು ಎಲ್ಲರೂ ಕಾರು ನಿಲ್ಲಿಸಿ ಓದಿದರು. ಗುಣವತಿ ಕೆಳಗೆ ಬಂದು ಗೇಟಿನ ಆಚೆ ಬದಿ ನಿಂತು ನನ್ನನ್ನು ನೋಡಿದಳು. ಅರ್ಧ ಗಂಟೆ ಬಿಟ್ಟು ಗಂಜಿಯ ಡಬ್ಬಿ ಕಳಿಸಿದಳು. ಎರಡು ವಾರದ ನಂತರ ಅವಳ ಕೈಯಿಂದ ಬಂದ ಮೊದಲ ಒಳ್ಳೆಯ ಮಾತು ಅದು.

ಮುಖೇಶ್ ಓಡಿ ಬಂದ. ‘ಎಂತ ಅಂಕಲ್ ಇದು? ನಿಮ್ಮಂಥವರು ಗೇಟಿನಲ್ಲಿ! ಬಿಲ್ಡಿಂಗಿನ ಮಾನ ಹೋಗ್ತದೆ’ ಎಂದು ಅಲ್ಲೇ ನಿಂತು ಅಕ್ಷಿತನಿಗೆ ಫೋನ್ ಮಾಡಿದ. ಬೈದ, ಬೇಡಿದ, ಪುನಃ ಬೈದ. ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಅಣ್ಣು ನನ್ನನ್ನು ಯಂತ್ರದ ಎದುರು ನಿಲ್ಲಿಸಿದ. ಹಸಿರು.

ಭಾನುವಾರ, ಆರು ಗಂಟೆ ಇಪ್ಪತ್ತು ನಿಮಿಷ. ತಾಂತ್ರಿಕವಾಗಿ ಸಾಧ್ಯವಿಲ್ಲದ್ದು. ಕೂಡಲೇ ಮುಖೇಶನನ್ನು ಕೇಳಿದೆ, ‘ಕಿನ್ನಿಯದ್ದು?’ ಅವನು ಫೋನ್ ಜೇಬಿಗೆ ಹಾಕಿಕೊಂಡು, ‘ಅಂಕಲ್, ಈಗ ಬೇಡ’ ಎಂದ. ಆ ಹೊತ್ತಿಗೆ ಅವಳ ಮೋರೆಗೆ ಕೆಂಪು ಬಂದು ನೂರ ನಲವತ್ತಮೂರು ದಿನ.

ಅಣ್ಣು ಕೆಂಪು, ಹಸಿರು ಎರಡೂ ಪರದೆಯ ಫೋಟೋ ತೆಗೆದಿದ್ದಾನೆ, ಗಂಟೆ ಸಮೇತ. ಇದರ ಜೊತೆ ಇಟ್ಟಿದ್ದೇನೆ.

ಶೀನಪ್ಪ


ಧಾರವಾಡ
3 ಜನವರಿ 2025

ಶೀನಪ್ಪ ಅಂಕಲ್,

ನಿಮ್ಮ ಪತ್ರ ಬಂದ ದಿನವೇ ಅಕ್ಷಿತ್ ಅವರಿಗೆ ನೋಟಿಸ್ ಬರೆದೆ. ಈ ಸಲ ವಕೀಲರ ಮೂಲಕ. ಪರವಾನಗಿ ಮುರಿದಿದ್ದೀರಿ, ಹದಿನೈದು ದಿನದಲ್ಲಿ ಸರಿಮಾಡದಿದ್ದರೆ ನನ್ನ ಕೋಡ್ ಬಳಸುವ ಹಕ್ಕು ನಿಮಗಿಲ್ಲ ಎಂದೆ. ತೆಗೆಯಲು ಆಗುವುದಿಲ್ಲ ಎಂದಿರಲ್ಲ, ಇಗೋ ಡಿಸೆಂಬರ್ ಎಂಟರಂದು ನೀವು ತೆಗೆದದ್ದು ಎಂದು ಅಣ್ಣು ಅವರ ಫೋಟೋಗಳನ್ನು ಸೇರಿಸಿದೆ.

ಅವರೇ ಫೋನ್ ಮಾಡಿದರು. ‘ಮೇಡಂ, ನಾವೆಲ್ಲ ಒಂದೇ ಕಡೆಯವರಲ್ಲವೇ? ವೇದಿಕೆಯ ಸರ್ವರ್ ಕೂಡ ನಮ್ಮದೇ ಅಂತ ನೆನಪಿದೆಯಲ್ಲ?’ ಎಂದರು. ಅಷ್ಟು ಮೆತ್ತಗಿನ ಸ್ವರದಲ್ಲಿ ಬೆದರಿಸಿದ್ದನ್ನು ನಾನು ಕೇಳಿರಲಿಲ್ಲ. ‘ಒಂದು ಕೆಲಸದ ಹೆಂಗಸಿಗಾಗಿ ಇಷ್ಟೆಲ್ಲ ಯಾಕೆ ಮೇಡಂ?’ ಎಂದೂ ಕೇಳಿದರು.

‘ನೀವು ಭಾನುವಾರ ಕೆಲಸ ಮಾಡಿದ್ದು ಯಾರಿಗಾಗಿ?’ ಎಂದು ಕೇಳಿ ಫೋನ್ ಇಟ್ಟೆ.

ಮರುದಿನ ವೇದಿಕೆ ಸತ್ತಿತು. ಈಗ ನನ್ನ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಕುಂಟುತ್ತಾ ನಡೆಯುತ್ತಿದೆ. ಸರ್ವರಿನ ವಿಷಯವನ್ನೂ ‘ಹೊಸ್ತಿಲು’ ನನ್ನದೆಂಬುದನ್ನೂ ಸದಸ್ಯರಿಗೆ ಬರೆದೆ. ಅರ್ಧದಷ್ಟು ಜನ ಬಿಟ್ಟು ಹೋದರು. ಉಳಿದವರು ಬೈಯಲು ಉಳಿದಿದ್ದಾರೆ.

ಆದರೆ ಮೊನ್ನೆ ಮೂವತ್ತರಂದು ಐದೂ ಗೇಟಿನಿಂದ ಕಿನ್ನಿಯವರ ಹೆಸರು ಹೋಯಿತು. ಅವರ ಜೊತೆ ಇನ್ನೂ ಹದಿನಾಲ್ಕು ಹೆಸರು ಹೋದವು. ಅಷ್ಟು ಜನ ಇದ್ದರೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಕಂಪೆನಿಯ ಪ್ರಕಟಣೆಯಲ್ಲಿ ‘ಗ್ರಾಹಕರ ಅನುಕೂಲಕ್ಕಾಗಿ ಹೊಸ ಸೌಲಭ್ಯ’ ಎಂದಿದೆ. ಓದಿ ಮೈ ಉರಿಯಿತು. ಉರಿಯಲಿ.

ನಿಮ್ಮ ನಿಷೇಧ ನವೆಂಬರಿನಲ್ಲೇ ಮುಗಿದಿದೆ. ನೀವು ಮತ್ತೆ ಬಂದಿಲ್ಲ.

ತನುಶ್ರೀ


ದೇರೆಬೈಲ್
19 ಜನವರಿ 2025

ತನುಶ್ರೀ,

ಹೆಸರು ಹೋದ ಸುದ್ದಿ ಹೇಳಲು ಕೊಂಚಾಡಿಗೆ ಹೋದರೆ ಕಿನ್ನಿ ಮನೆಯಲ್ಲಿ ಇರಲಿಲ್ಲ. ಈಗ ಹಂಪನಕಟ್ಟೆಯ ಹತ್ತಿರ ಸಫಿಯಾ ಎಂಬವರ ಅಡುಗೆಮನೆಯಲ್ಲಿ ಕೆಲಸವಂತೆ. ಮದುವೆ, ಮುಂಜಿಗೆ ಊಟ ಕಳಿಸುವವರು. ಹುಡುಕಿಕೊಂಡು ಹೋದೆ. ಒಂದು ದೊಡ್ಡ ಪಾತ್ರೆಯ ಎದುರು ಕೂತು ನೀರುಳ್ಳಿ ಸುಲಿಯುತ್ತಿದ್ದಳು.

ನಾನು ನಗುತ್ತಾ ಹೋದೆ. ಗೆದ್ದವನ ಹಾಗೆ. ‘ಕಿನ್ನಿ, ನಿನ್ನ ಹೆಸರು ತೆಗೆದರು! ಈಗ ಯಾವ ಗೇಟಿಗೆ ಹೋದರೂ ಹಸಿರು’ ಎಂದೆ.

‘ಎಂಕ್ ಬೊಡ್ಚಿ’ ಎಂದಳು. ನನಗೆ ಬೇಡ. ನೀರುಳ್ಳಿಯಿಂದ ಕಣ್ಣು ಎತ್ತಲಿಲ್ಲ.

ಆಮೇಲೆ ಚೂರಿ ಕೆಳಗಿಟ್ಟು ಎದ್ದು ಹೊರಗೆ ಬಂದಳು. ಬಾಗಿಲಿನ ಬದಿಗೆ ಕರೆದುಕೊಂಡು ಹೋಗಿ ಹೇಳಿದಳು. ಅವಳ ಮಾತನ್ನೇ ಬರೆಯುತ್ತೇನೆ, ನನ್ನ ಮಾತು ಒಂದೂ ಸೇರಿಸುವುದಿಲ್ಲ.

‘ನಾನು ಇಲ್ಲಿಗೆ ಸೇರಿ ಎರಡು ವಾರ ಆಗಿತ್ತು. ಸಫಿಯಾಕ್ಕನ ಮಗಳು ಫೋನಿನಲ್ಲಿ ನನ್ನ ಹೆಸರು, ಊರು ಹಾಕಿ ನೋಡಿದಳು. ಹೊಸಬರು ಬಂದರೆ ನೋಡ್ತಾರಂತೆ ಈಗ. ಕೊಂಚಾಡಿ ಕಿನ್ನಿ, ದೇರೆಬೈಲ್, ಕಳ್ಳತನ ಅಂತ ಬಂತು. ಒಂದಲ್ಲ, ರಾಶಿ. ಬರೆದದ್ದು ನೀವು. ಸಫಿಯಾಕ್ಕ ನನ್ನನ್ನು ಕರೆದು, ಇದು ನೀನಾ ಅಂತ ಕೇಳಿದರು. ಎಲ್ಲ ಹೇಳಿದೆ. ಅವರು ದೇವರಂಥವರು, ನಂಬಿದರು. ಇನ್ನೊಬ್ಬರು ನಂಬುತ್ತಾರಾ? ಗೇಟಿನ ಯಂತ್ರ ಐದು ಗೇಟಿನಲ್ಲಿ ಹೇಳಿತು. ನೀವು ಊರಿಡೀ ಹೇಳಿದಿರಿ. ನನ್ನನ್ನು ಒಂದು ಮಾತು ಕೇಳಿದಿರಾ, ಕಿನ್ನಿ, ನಿನ್ನ ಹೆಸರು ಬರೆಯಲಾ ಅಂತ? ನಿಮ್ಮ ಜಗಳದಲ್ಲಿ ನನ್ನ ಹೆಸರು ಎಂತಕ್ಕೆ?’

ನಾನು, ನಿನ್ನ ಒಳ್ಳೆಯದಕ್ಕೇ ಅಲ್ಲವಾ ಎಂದು ಬಾಯಿ ತೆರೆದೆ. ಅವಳು ಸಾಕು ಎನ್ನುವ ಹಾಗೆ ಕೈ ಎತ್ತಿದಳು. ಇಷ್ಟು ವರ್ಷದಲ್ಲಿ ಕಿನ್ನಿ ನನ್ನ ಎದುರು ಕೈ ಎತ್ತಿದ್ದು ಅದೇ ಮೊದಲು. ನಾನು ಬಾಯಿ ಮುಚ್ಚಿದೆ. ಅವಳು ಒಳಗೆ ಹೋದಳು.

ಮನೆಗೆ ಬಂದು ನಾನೇ ಹುಡುಕಿ ನೋಡಿದೆ. ಅವಳು ಹೇಳಿದ್ದು ಸರಿ. ನನ್ನ ನಲವತ್ತೊಂದು, ಅದಕ್ಕೆ ನಿಮ್ಮವರು ಹಾಕಿದ ಉತ್ತರಗಳು, ಉತ್ತರಕ್ಕೆ ಉತ್ತರಗಳು. ಎಲ್ಲದರಲ್ಲೂ ಅವಳ ಹೆಸರು, ಅದರ ಪಕ್ಕದಲ್ಲಿ ಆ ಶಬ್ದ. ನನಗೆ ಅಳಿಸಲು ಬರುವುದಿಲ್ಲ, ಪ್ರಯತ್ನ ಮಾಡಿದೆ. ನಿಮ್ಮಿಂದ ಆಗುತ್ತದೆ. ವೇದಿಕೆಯ ಹನ್ನೊಂದು ವರ್ಷದಲ್ಲಿ ಒಂದು ಅಕ್ಷರ ಅಳಿಸಿಲ್ಲ ಎಂದು ನೀವು ಹೆಮ್ಮೆಯಿಂದ ಬರೆದದ್ದನ್ನೂ ಅಲ್ಲೇ ಓದಿದೆ. ಆದರೂ ಕೇಳುತ್ತಿದ್ದೇನೆ.

ಶೀನಪ್ಪ


ಧಾರವಾಡ
27 ಜನವರಿ 2025

ಶೀನಪ್ಪ ಅಂಕಲ್,

ಅಳಿಸಿದ್ದೇನೆ. ಮುನ್ನೂರ ಹನ್ನೆರಡು ಕಡೆ. ಒಂದೊಂದನ್ನೂ ಓದಿ ಅಳಿಸಿದೆ, ಯಾಕೆಂದರೆ ಓದದೆ ಅಳಿಸುವ ಹಕ್ಕು ನನಗಿಲ್ಲ ಅನಿಸಿತು. ಅದರಲ್ಲಿ ನನ್ನವೂ ಇದ್ದವು. ಒಂದು ಕಡೆ ನಾನು ‘ಉದಾಹರಣೆಗೆ ಈ ಪ್ರಕರಣವನ್ನೇ ತೆಗೆದುಕೊಳ್ಳಿ’ ಎಂದು ಅವರ ಹೆಸರು ಹಾಕಿ ನಾಲ್ಕು ಪ್ಯಾರಾ ಬರೆದಿದ್ದೇನೆ. ಚೆನ್ನಾಗಿ ಬರೆದಿದ್ದೇನೆ. ಓದುವಾಗ ನನ್ನ ಮೇಲೆ ನನಗೆ ಬಂದ ಸಿಟ್ಟು ಅಕ್ಷಿತ್ ಮೇಲೂ ಬಂದಿರಲಿಲ್ಲ.

ಈಗ ವೇದಿಕೆ ಹೊತ್ತಿ ಉರಿಯುತ್ತಿದೆ. ‘ನಿರ್ವಾಹಕಿಯ ಸರ್ವಾಧಿಕಾರ’, ‘ಇತಿಹಾಸ ಅಳಿಸುವವರು’, ‘ವಾಕ್‌ಸ್ವಾತಂತ್ರ್ಯದ ಕೊಲೆ’. ಯಾಕೆ ಅಳಿಸಿದೆ ಎಂದು ಹೇಳಬೇಕಾದರೆ ಯಾರ ಹೆಸರನ್ನು ಅಳಿಸಿದೆ ಎಂದು ಹೇಳಬೇಕಾಗುತ್ತದೆ. ಹೇಳಿಲ್ಲ. ನನ್ನ ಬಳಿ ಒಳ್ಳೆಯ ವಾದವಿದೆ, ಗೆಲ್ಲುವಂಥದ್ದು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಉತ್ತರ ಕೊಡದೆ ಕೂತಿದ್ದೇನೆ. ಕೈ ಕಡಿಯುತ್ತಿದೆ.

ಅಂತರ್ಜಾಲದಲ್ಲಿ ಹುಡುಕಿಕೊಡುವ ಕಂಪೆನಿಗಳಿಗೂ ಬರೆದಿದ್ದೇನೆ. ಹತ್ತು ದಿನದಲ್ಲಿ ಅಲ್ಲಿಂದಲೂ ಹೋಗಬೇಕು. ಹೋಯಿತೇ ಎಂದು ನೋಡಿ ತಿಳಿಸಿ.

ತನುಶ್ರೀ


ದೇರೆಬೈಲ್
9 ಫೆಬ್ರವರಿ 2025

ತನುಶ್ರೀ,

ಹೋಗಿದೆ. ನಾನೂ ನೋಡಿದೆ, ಗುಣವತಿಯೂ ನೋಡಿದಳು.

ನಿನ್ನೆ ಹಂಪನಕಟ್ಟೆಯ ಬಸ್‌ಸ್ಟಾಪಿನಲ್ಲಿ ಅವರನ್ನು ಕಂಡೆ, ಅಡುಗೆಮನೆಯ ಕೆಲಸ ಮುಗಿಸಿ ಕೊಂಚಾಡಿಗೆ ಹೊರಟಿದ್ದರು. ಹತ್ತಿರ ಹೋಗಿ, ಎಲ್ಲ ಅಳಿಸಿ ಆಯಿತು ಎಂದೆ. ಅವರು ನನ್ನ ಮಾತು ನಂಬಲಿಲ್ಲ. ತಮ್ಮ ಫೋನನ್ನು ಪಕ್ಕದಲ್ಲಿ ನಿಂತಿದ್ದ ಒಬ್ಬಳು ಕಾಲೇಜು ಹುಡುಗಿಗೆ ಕೊಟ್ಟು, ಹೆಸರು ಹೇಳಿ, ಹುಡುಕಿ ನೋಡು ಮಗಾ ಎಂದರು. ಹುಡುಗಿ ಒತ್ತಿ, ಕೆಳಗೆ ಸರಿಸಿ, ಇನ್ನೂ ಕೆಳಗೆ ಸರಿಸಿ, ‘ಎಂತದೂ ಇಲ್ಲ ಆಂಟಿ’ ಎಂದಳು.

‘ಸರಿ’ ಎಂದರು. ಫೋನನ್ನು ತಿರುಗಿ ಚೀಲಕ್ಕೆ ಹಾಕಿಕೊಂಡರು.

ಕಾವೂರಿಗೆ ಹೋಗುವ ಬಸ್ ಬಂತು, ಹತ್ತಿದರು. ನನಗೂ ಅದೇ ಬಸ್ಸು, ಆದರೆ ನಾನು ಹತ್ತಲಿಲ್ಲ. ಅವರಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಎಷ್ಟೋ ಮಾತು ಜೋಡಿಸಿಕೊಂಡು ಹೋಗಿದ್ದೆ. ಅದನ್ನು ಅಲ್ಲಿ ಹೇಳಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಶೀನಪ್ಪ